ಹೆಂಗಸರ ಬಾಗಿಲು

ಮುಚ್ಚಿದ ಬಾಗಿಲು ಕಂಡರೆ ಸುಮ್ಮನೆ ಮುಂದೆ ಹೋಗುವ ಜಾಯಮಾನ ನನ್ನದಲ್ಲ. ಸುರಪುರದ ನಮ್ಮ ಓಣಿಯ ಟಾಕೀಸು ಮುಚ್ಚಿ ವರ್ಷಗಳೇ ಆಗಿದ್ದವು. ಅದರ ದೊಡ್ಡ ಗೇಟಿನ ಸಂದಿಗೆ ಕಣ್ಣು ಹಚ್ಚಿ ನೋಡುವುದು, ಕತ್ತಲೆ ಬಿಟ್ಟು ಬೇರೇನೂ ಕಾಣದೆ ವಾಪಸ್ಸು ಬರುವುದು ನನ್ನ ಚಾಳಿ. ಗೇಟಿನ ಎದುರಿಗೇ ಮಿರ್ಚಿ ಅಂಗಡಿ ಇಟ್ಟುಕೊಂಡಿದ್ದ ಸಣ್ಣವ್ವ, ಅಂದರೆ ನನ್ನ ತಾಯಿಯ ತಂಗಿ, ಪ್ರತಿ ಸಲವೂ ಕೇಳುತ್ತಿದ್ದಳು: "ಯಾವ ಪಿಚ್ಚರ್ ನಡದೈತವ್ವಾ ಒಳಗ?"

ಚೇಷ್ಟೆ ಮಾಡುತ್ತಿದ್ದಳೇ ಹೊರತು ಅವಳ ಪರಿಸ್ಥಿತಿಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಟಾಕೀಸು ನಡೆಯುತ್ತಿದ್ದಾಗ ಇಂಟರ್ವಲ್ಲಿಗೆ ಅವಳ ಕಡಾಯಿಯ ಸುತ್ತ ಗಂಡಸರು ಮುತ್ತಿಕೊಳ್ಳುತ್ತಿದ್ದರು. ಟಾಕೀಸು ಮುಚ್ಚಿದ ಮೇಲೆ ಸೋಡಾ ಅಂಗಡಿ ಹೋಯಿತು, ಪಾನ್ ಡಬ್ಬಿ ಹೋಯಿತು, ಸೈಕಲ್ ರಿಪೇರಿಯವನು ಬಸ್‌ಸ್ಟ್ಯಾಂಡ್ ಕಡೆ ಜಾಗ ಹಿಡಿದ. ಓಣಿಯಲ್ಲಿ ಉಳಿದದ್ದು ಅವಳೊಬ್ಬಳ ಒಲೆ.

"ದಸರಾ ತನಕ ನೋಡ್ತೀನಿ. ಆಮ್ಯಾಲ ಕಡಾಯಿ ಮಾರಿ ಕಕ್ಕೇರಾ ಊರಾಗಿನ ಮಗಳ ಮನಿಗಿ ಹೋಗ್ತೀನಿ," ಎಂದಳು ಒಂದು ದಿನ. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಸಿಟ್ಟು ಬಂತು. "ಬೀಗರ ಮನ್ಯಾಗ ಕುಂತು ಉಣ್ಣೂದು ನನ್ನ ಕಡಿಂದ ಆಗಂಗಿಲ್ಲ ನೋಡು," ಎಂದು ಸೌಟು ಕುಕ್ಕಿದಳು.

ಅದೇ ಮಳೆಗಾಲದಲ್ಲಿ ಓಣಿಯ ಹೆಂಗಸರ ಸಂಘಕ್ಕೆ ಖಡಕ್ ರೊಟ್ಟಿ ಮಾಡಲು ಜಾಗ ಬೇಕಾಯಿತು. ಯಾದಗಿರಿ, ಶಹಾಪುರದ ಖಾನಾವಳಿಯವರು ರೊಟ್ಟಿ ಕೇಳುತ್ತಿದ್ದರು. ಮನೆಗಳಲ್ಲಿ ಅಷ್ಟೊಂದು ರೊಟ್ಟಿ ಬೇಯಿಸಿ ಒಣಗಿಸಲು ಜಾಗ ಎಲ್ಲಿ? ಟಾಕೀಸಿನ ಮಾಲೀಕರು, "ಹಾಳು ಬಿದ್ದೈತಿ, ಸ್ವಚ್ಛ ಮಾಡ್ಕೊಂಡು ಬಳಸ್ರಿ," ಎಂದು ಕೀಲಿಕೈ ಕೊಟ್ಟರು. ರೊಟ್ಟಿ ಬಡಿಯುವುದರಲ್ಲಿ ನನಗೆ ಅಂಥ ಹೆಸರೇನಿಲ್ಲ. ಒಳಗೆ ನೋಡಬೇಕೆಂಬ ಒಂದೇ ಆಸೆಗೆ ಸಂಘ ಸೇರಿದೆ. ಇನ್ನು ಗಿರಾಕಿಗಳು ಬರುತ್ತಾರೆಂದು ಎದುರಿನ ಅಂಗಡಿಯಲ್ಲಿ ಸಣ್ಣವ್ವ ಕಡಾಯಿ ತಿಕ್ಕಿ ಮಿರಮಿರ ಹೊಳೆಯುವಂತೆ ಮಾಡಿಟ್ಟುಕೊಂಡಳು.

ಕುರ್ಚಿಗಳನ್ನು ಯಾವಾಗಲೋ ಮಾರಿದ್ದರು. ನೆಲ ಪರದೆಯ ಕಡೆಗೆ ಇಳಿಜಾರು. ಹಿಟ್ಟಿನ ಉಂಡೆ ಕೈಜಾರಿದರೆ ಉರುಳುತ್ತಾ ಕೆಳಗೆ ಹೋಗುತ್ತಿತ್ತು. ಪರದೆ ಎಂದು ನಾವು ತಿಳಿದಿದ್ದದ್ದು ಬರೀ ಸುಣ್ಣ ಬಳಿದ ಗೋಡೆ. ಮುಟ್ಟಿ ನೋಡಿದೆ. ಇಷ್ಟೇನಾ ಅನ್ನಿಸಿತು. ಟಾಕೀಸಿನ ನಡುವೆ ಸೊಂಟದೆತ್ತರದ ಗಿಡ್ಡ ಗೋಡೆಯೊಂದು ಹಾಗೇ ಇತ್ತು. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು ಕೂರುತ್ತಿದ್ದ ಕಾಲದ್ದು.

ಒಲೆಗಳು ಹತ್ತಿದವು. ರೊಟ್ಟಿ ಬಡಿಯುವ ಸಪ್ಪಳ ಆ ಟಾಕೀಸಿನಲ್ಲಿ ಕೇಳುವುದೇ ಚಂದ. ಆದರೆ ಹೊಗೆ ಹೋಗಲು ದಾರಿಯಿಲ್ಲದೆ ಕಣ್ಣುರಿ. ಒಬ್ಬಳ ಮೊಣಕೈ ಇನ್ನೊಬ್ಬಳ ಪಕ್ಕೆಗೆ ತಾಗಿ ದಿನಾ ಜಗಳ. ಇಷ್ಟು ದೊಡ್ಡ ಟಾಕೀಸು ನಮಗೆ ಹೇಗೆ ಸಾಲದಾಯಿತೋ ಎಂದು ನಾನೂ ಗೊಣಗುತ್ತಿದ್ದೆ.

ದಸರಾ ಹತ್ತಿರ ಬಂತು. ಒಂದು ಮಧ್ಯಾಹ್ನ ಸಣ್ಣವ್ವನ ಅಂಗಡಿಗೆ ಹೋದರೆ ಒಲೆ ತಣ್ಣಗಿತ್ತು, ಕಡಾಯಿ ಬೋರಲು ಬಿದ್ದಿತ್ತು.

"ಒಳಗ ಭಾಳ ಮಂದಿ ಅದಾರ ಅಂತಿ. ಸಪ್ಪಳಾನೂ ಕೇಳ್ತೈತಿ. ಒಬ್ಬಾಕಿ ಮಾರಿನೂ ಈ ಕಡಿ ಕಾಣಂಗಿಲ್ಲ. ಎಲ್ಲಿಂದ ಬರ್ತೀರಿ ನೀವು? ಮಾಳಗಿ ಮ್ಯಾಲಿಂದ ಇಳೀತೀರೇನು?"

"ಹಿಂದಿನ ಬಾಗಲದಿಂದ," ಎಂದೆ. ಎಂದವಳು ಅಲ್ಲೇ ನಿಂತುಬಿಟ್ಟೆ.

ಹೆಂಗಸರ ಬಾಗಿಲು ಟಾಕೀಸಿನ ಹಿಂದಿನ ಸಂದಿಗೆ ತೆರೆಯುತ್ತಿತ್ತು. ಹೆಣ್ಣುಮಕ್ಕಳು ಗಂಡಸರ ಕಣ್ಣಿಗೆ ಬೀಳದೆ ಬಂದು ಹೋಗಲಿ ಎಂದು ಹಿಂದಿನವರು ಹಾಗೆ ಕಟ್ಟಿದ್ದರು. ಚಿಕ್ಕಂದಿನಲ್ಲಿ ಅವ್ವನ ಸೆರಗು ಹಿಡಿದು ಅಲ್ಲಿಂದಲೇ ಹೋಗುತ್ತಿದ್ದೆ. ಈಗ ನಾವು ಕೀಲಿ ತೆಗೆಯುತ್ತಿದ್ದದ್ದೂ ಅದೇ ಬಾಗಿಲು, ಒಲೆ ಹೂಡಿದ್ದೂ ಹೆಂಗಸರ ಕಡೆಯೇ. ಗಿಡ್ಡ ಗೋಡೆಯಾಚೆ ಅರ್ಧಕ್ಕಿಂತ ಹೆಚ್ಚು ಟಾಕೀಸು, ಮುಚ್ಚಿದ ಸಾಲು ಕಿಟಕಿ, ಸಣ್ಣವ್ವನ ಅಂಗಡಿಗೆ ಎದುರಾದ ದೊಡ್ಡ ಗೇಟು, ಎಲ್ಲ ಖಾಲಿ. ಹೋಗಬೇಡಿರೆಂದು ಯಾರೂ ಹೇಳಿರಲಿಲ್ಲ. ಸಂದಿಗೆ ಕಣ್ಣು ಹಚ್ಚಿ ಇಣುಕುವ ನಾನೇ ಒಳಗೆ ಬಂದ ಮೇಲೆ ಆಚೆ ಕಾಲಿಟ್ಟಿರಲಿಲ್ಲ!

ವಾಪಸ್ಸು ಹೋಗಿ ಎಲ್ಲರನ್ನೂ ಕೇಳಿದೆ: "ನಾವ್ಯಾಕ ಈ ಕಡಿನೇ ಕುಂತೀವಿ?"

ಕೈಗಳು ನಿಂತವು. "ಆ ಕಡಿ ಗಂಡಸರದಲ್ರೀ ಅಕ್ಕಾ," ಎಂದಳು ಸಂಘದ ಮುಖ್ಯಸ್ಥೆ.

"ಯಾವ ಗಂಡಸರು?"

ಅವಳು ಕತ್ತು ಚಾಚಿ ಗೋಡೆಯಾಚೆ ನೋಡಿದಳು. ಅಲ್ಲಿ ಬೆಕ್ಕೊಂದು ಮರಿಗಳಿಗೆ ಹಾಲೂಡಿಸುತ್ತಾ ಮಲಗಿತ್ತು. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಟಾಕೀಸು ನಕ್ಕಿತು.

ಸೀರೆ ಎತ್ತಿ ಸಿಕ್ಕಿಸಿ ಗೋಡೆ ದಾಟಿದೆ. ನಗುತ್ತಲೇ ಇನ್ನಿಬ್ಬರು ದಾಟಿದರು. ಗೇಟಿನ ಚಿಲಕ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಸರಿಯಲೊಲ್ಲದು. ಎಣ್ಣೆ ಬಿಟ್ಟು ಕಲ್ಲಿನಿಂದ ಬಡಿಯತೊಡಗಿದೆವು. ಹೊರಗಿನಿಂದ ಸಣ್ಣವ್ವನ ದನಿ ಬಂತು: "ಯಾರದು? ಒಳಗ ಏನ್ ಮಾಡಾಕತ್ತೀರಿ?" ಚಿಲಕ ಸರಿಯಿತು. ಗೇಟು ಕಿರುಗುಟ್ಟಿ ತೆರೆದಾಗ ಬಿಸಿಲು ಒಳಗೆ ಬಂದು ಪರದೆಯ ಗೋಡೆಯ ತನಕ ಹೋಯಿತು, ಹೊಗೆ ಹೊರಗೆ ನುಗ್ಗಿತು.

ಸಣ್ಣವ್ವ ಕೆಮ್ಮುತ್ತಾ ಹೊಸ್ತಿಲಲ್ಲಿ ನಿಂತು ಸುತ್ತಲೂ ನೋಡಿದಳು. "ಇಷ್ಟು ದೊಡ್ಡದೈತೇನು ಇದು?" ಎಂದಳು.

"ನೀ ಯಾವತ್ತೂ ನೋಡಿಲ್ಲೇನು?"

"ಎಲ್ಲಿ ನೋಡ್ಲಿ? ಕಡಾಯಿ ಬಿಟ್ಟು ಬರಾಕ ಆಗ್ತಿತ್ತೇನು? ಪಿಚ್ಚರ್ ಎಲ್ಲಾ ಕಿವೀಲೇ ನೋಡೀನಿ."

ಇಷ್ಟು ವರ್ಷ ಅವಳ ಪಕ್ಕದಲ್ಲಿ ಕೂತು ಮಿರ್ಚಿ ತಿಂದ ನನಗೆ ಇದು ಗೊತ್ತೇ ಇರಲಿಲ್ಲ. ಕೈ ಹಿಡಿದು ಪರದೆಯ ತನಕ ಕರೆದೊಯ್ದೆ. ಅವಳೂ ಆ ಗೋಡೆಯನ್ನು ಮುಟ್ಟಿ ನೋಡಿದಳು.

ಮರುದಿನ ಎಲ್ಲರೂ ದೊಡ್ಡ ಗೇಟಿನಿಂದಲೇ ಬಂದರು. ಕಿಟಕಿಗಳನ್ನು ತೆರೆದು ಒಲೆಗಳನ್ನು ಅವುಗಳ ಕೆಳಗೆ ಹೂಡಿದೆವು. ಸಂಜೆ ಮನೆಗೆ ಹೊರಟವರು ಮಕ್ಕಳಿಗೆಂದು ಮಿರ್ಚಿ ಕಟ್ಟಿಸಿಕೊಳ್ಳಲು ನಿಂತರು. ಕಸ ಗುಡಿಸಿ ನಾನು ಕೊನೆಗೆ ಹೊರಬಂದಾಗ ಕಡಾಯಿಯಲ್ಲಿ ಬರೀ ಎಣ್ಣೆ ಇತ್ತು. ಸಣ್ಣವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ನನ್ನ ಮೇಲೆ ಹರಿಹಾಯ್ದಳು.

"ಇಷ್ಟು ಮಂದಿ ಬರ್ತಾರಂತ ಮೊದಲೇ ಹೇಳಬಾರ್ದೇನು? ಹಿಟ್ಟು ತೀರೇತಿ. ನಾಳಿ ಬಾ."