ಆನೆ ಮನೆಯ ಸಿಪಾಯಿ

ಮಕ್ಕಳೇ, ನಾನು ಫೋನಿನಲ್ಲಿ ಚದುರಂಗ ಆಡುವುದು ನಿಮಗೆಲ್ಲ ತಮಾಷೆ. "ನಮ್ಮಜ್ಜಿ ಲಂಡನ್ನೋರ್ನೂ ಸೋಲಿಸ್ತದೆ" ಎಂದು ನೆಂಟರ ಮುಂದೆ ಹೇಳಿ, ನಾನು ನಾಚಿ ಅಡುಗೆಮನೆಗೆ ಓಡುವ ಹಾಗೆ ಮಾಡುತ್ತೀರಿ. ಹೋದ ಆರು ತಿಂಗಳು ನಾನು ಯಾಕೆ ಆಡುತ್ತಿದ್ದೆ ಎಂಬುದು ಮಾತ್ರ ನಿಮಗೆ ಪೂರ್ತಿ ಗೊತ್ತಿಲ್ಲ. ನನ್ನ ತಲೆ ಸರಿಯಾಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಆಡುತ್ತಿದ್ದೆ. ಎದುರು ಕೂತು ಹೇಳುವುದಕ್ಕೆ ನನಗೆ ನಾಚಿಕೆ. ಬರೆದರೆ ಬರುತ್ತದೆ.

ಮೊದಲು ಆ ಮಧ್ಯಾಹ್ನದ್ದನ್ನು ಬರೆಯುತ್ತೇನೆ. ನಿಮ್ಮಲ್ಲಿ ಚಿಕ್ಕವಳನ್ನು ಅಂಗನವಾಡಿಗೆ ಬಿಡುವುದು, ಕರೆತರುವುದು ನನ್ನ ಕೆಲಸ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೊರಟ ಮೇಲೆ ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ. ಅವತ್ತು ಊಟ ಮಾಡಿ ಹುರುಳಿಕಾಳು ಕೇರುತ್ತಾ ಕೂತಿದ್ದೆ. ಬಾಗಿಲಲ್ಲಿ ನೆರಳಾಯಿತು. ನೋಡಿದರೆ ಅಂಗನವಾಡಿ ಟೀಚರು, ಅವರ ಸೊಂಟದ ಮೇಲೆ ನಮ್ಮ ಮಗು.

"ಯಾಕಮ್ಮ, ಉಸಾರಿಲ್ವಾ? ಎಲ್ಲಾ ಮಕ್ಳೂ ಹೋಗಿ ಎಷ್ಟೊತ್ತಾಯ್ತು" ಎಂದರು.

ಬರೀ ಹೊತ್ತು ಮರೆತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಮಗು ಅಂಗನವಾಡಿಗೆ ಹೋಗಿದೆ ಎಂಬುದೇ ನನ್ನ ತಲೆಯಲ್ಲಿ ಇರಲಿಲ್ಲ. ಮನೆಯಲ್ಲಿ ಮಗು ಎಂಬುದೊಂದು ಇದೆ ಎನ್ನುವುದೇ ಆ ಹೊತ್ತು ಇರಲಿಲ್ಲ. "ನಿದ್ದೆ ಹತ್ಬುಡ್ತು ಕಣಮ್ಮ" ಎಂದು ಸುಳ್ಳು ಹೇಳಿದೆ. "ನಮ್ ಸೊಸೆಗೆ ಹೇಳ್ಬ್ಯಾಡಿ" ಎಂದೂ ಬೇಡಿಕೊಂಡೆ. ಅವರು ಹೇಳಲಿಲ್ಲ.

ನನ್ನ ತವರು ಬೈರಾಪಟ್ಟಣದಲ್ಲಿ ಅವ್ವನಿಗೂ ಹೀಗೇ ಶುರುವಾಗಿತ್ತು. ಮೊದಲು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು. ಆಮೇಲೆ ಹಸು ಮಾರಿ ಎಷ್ಟೋ ವರ್ಷವಾದ ಮೇಲೂ ಹಾಲು ಕರೆಯಲು ಚೊಂಬು ಹಿಡಿದು ಹಿತ್ತಲಿಗೆ ಹೋದಳು. ಕೊನೆಗೆ ನಾನು ನೋಡಲು ಹೋದರೆ, "ಯಾವೂರವ್ವ ನಿಂದು? ಉಂಡ್ಯಾ?" ಎಂದು ನೆಂಟರನ್ನು ಕೇಳುವಷ್ಟು ಮರ್ಯಾದೆಯಿಂದ ಕೇಳಿದಳು. ಆ ಮರ್ಯಾದೆಯನ್ನು ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ.

ಆ ದಿನದಿಂದ ಅರ್ಧ ಗಂಟೆ ಮೊದಲೇ ಹೋಗಿ ಅಂಗನವಾಡಿ ಗೇಟಿನ ಹತ್ತಿರ ನಿಂತುಕೊಳ್ಳತೊಡಗಿದೆ. ಪಾತ್ರೆ ತೊಳೆದಾದ ಮೇಲಿನ ಬಿಡುವಿನಲ್ಲಿ ಫೋನು ಹಿಡಿಯುತ್ತಿದ್ದೆ. ಆಟಕ್ಕೊಂದು ನಂಬರು ಇದೆಯಲ್ಲ, ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ಅದನ್ನು ಜ್ವರ ನೋಡುವ ಕಡ್ಡಿಯ ಹಾಗೆ ನೋಡುತ್ತಿದ್ದೆ.

ಚದುರಂಗ ನನಗೆ ಕಲಿಸಿದ್ದು ನಿಮ್ಮ ತಾತ. ಅವರು ಬೊಂಬೆ ಕಡೆಯುತ್ತಿದ್ದರು ಎಂದು ನಿಮಗೆ ಗೊತ್ತು. ಬೊಂಬೆಗೆ ಬಳಸುವ ಆಲೆ ಎಂಬ ಬಿಳಿ ಮರದಲ್ಲಿ ಚದುರಂಗದ ಕಾಯಿಗಳನ್ನೂ ಕಡೆದು ಅರಗಿನ ಬಣ್ಣ ಹಿಡಿಸುತ್ತಿದ್ದರು. ಸೀಳು ಬಿಟ್ಟವು, ಬಣ್ಣ ಕೆಟ್ಟವು ಮನೆಗೆ ಬರುತ್ತಿದ್ದವು. ಹಾಗೆ ಕೂಡಿದ ನಮ್ಮ ಸೆಟ್ಟಿನಲ್ಲಿ ಒಂದು ಆನೆ ಹಳದಿ, ಅದರ ಜೋಡಿ ಹಸಿರು. ಅವರು ಹೇಳಿಕೊಟ್ಟದ್ದು ಊರಿನ ಆಟ. ಸಿಪಾಯಿ ಮೊದಲ ಸಲವೂ ಒಂದೇ ಮನೆ ನಡೆಯಬೇಕು. ಎದುರಿನ ಕೊನೆ ಸಾಲು ಮುಟ್ಟಿದರೆ, ಯಾರ ಮನೆ ಮುಟ್ಟಿತೋ ಅವರೇ ಆಗಬೇಕು. ಕುದುರೆಯ ಮನೆಯಾದರೆ ಕುದುರೆ, ಮೂಲೆಯಲ್ಲಿರುವ ಆನೆಯ ಮನೆಯಾದರೆ ಆನೆ. "ಮಂತ್ರಿ ಆಗ್ಬಾರ್ದಾ?" ಎಂದು ಒಮ್ಮೆ ಕೇಳಿದೆ. "ಆನೆ ಮನೆಗೋಗಿ ಮಂತ್ರಿ ಊಟ ಕೇಳ್ತಾರೇನಮ್ಮಿ?" ಎಂದು ನಕ್ಕಿದ್ದರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಕಾಯಿಗಳನ್ನು ಅಟ್ಟದ ಮೇಲಿಟ್ಟೆ.

ಅಂಗನವಾಡಿಯದು ನಡೆಯುವುದಕ್ಕೆ ಬಹಳ ಮೊದಲೇ ಫೋನಿಗೆ ಆಟ ಹಾಕಿಕೊಟ್ಟವಳು ನಿಮ್ಮಲ್ಲಿ ದೊಡ್ಡವಳು. ಮೊದಮೊದಲು ಎದುರಿನವರಿಗೆ ನಾನು ಕಾಣುತ್ತೇನೆ ಎಂದುಕೊಂಡು ಸೆರಗು ಸರಿಮಾಡಿಕೊಂಡು ಕೂರುತ್ತಿದ್ದೆ. ಯಾರೋ ಇಂಗ್ಲಿಷಿನಲ್ಲಿ 'ಹಾಯ್' ಎಂದು ಬರೆದಾಗ ಗಾಬರಿಯಾಗಿ ಫೋನನ್ನು ಬೋರಲು ಹಾಕಿ ಹೊರಗೆ ಹೋಗಿದ್ದೆ. ಆ ಆಟ ಸೋತೆ. ಒಬ್ಬೊಬ್ಬರಿಗೂ ಮೂರೇ ನಿಮಿಷ. ನಾನು ಯೋಚನೆ ಮಾಡಿ ಮಾಡಿ ಸಮಯ ಮುಗಿದು ಸೋಲುತ್ತಿದ್ದೆ, ಕಾಯಿಗಳೆಲ್ಲ ಹಾಗೇ ಇರುತ್ತಿದ್ದವು. ಸಿಪಾಯಿಗಳನ್ನು ಒಂದೊಂದೇ ಮನೆ ನಡೆಸಿ ರಾಜನ ಸುತ್ತ ಕೂಡಿಹಾಕುವುದು ನನ್ನ ಆಟ.

"ಅಜ್ಜಿ, ನಿನ್ನಾಟ ನೋಡುದ್ರೆ ಬಸ್ಸಲ್ಲಿ ಸೀಟ್ ಸಿಕ್ಕೋರು ಕುಂತಂಗೈತೆ. ಒಸಿ ಎದ್ದೇಳು" ಎಂದಳು ಅವಳು.

"ಎದ್ರೆ ಸೀಟು ಹೋಯ್ತದಲ್ಲ?"

"ಹೋಗ್ಲಿ. ಊರು ಬರ್ಬೇಕಲ್ವಾ?"

ಅವಳ ಮಾತು ಸರಿ ಎಂದು ಗೊತ್ತಿದ್ದರೂ ಕೈ ಕೇಳುತ್ತಿರಲಿಲ್ಲ. ಆಮೇಲೆ ಒಂದು ದಿನ ನನ್ನ ಹಳೆಯ ಕೆಲಸ ನೆನಪಾಯಿತು. ಮದುವೆಗೆ ಮೊದಲು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಬ್ಬ ಸಾಬರ ಮನೆಗೆ ಹೋಗುತ್ತಿದ್ದೆ. ಬಿಸಿ ನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ, ಎಳೆ ಕಡಿದ ತಕ್ಷಣ ಇನ್ನೊಂದು ಗೂಡಿನ ತುದಿ ಹುಡುಕಿ ಸೇರಿಸಬೇಕು. ನಾನು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಆ ಮನೆಯ ದೊಡ್ಡಮ್ಮ, "ಬೇಟಿ, ಕಣ್ಣಲ್ ಹುಡುಕ್ಬ್ಯಾಡ, ಬೆರಳ್ಗೆ ಬುಡು" ಎಂದಿದ್ದರು. ಹಾಗೇ ಇಲ್ಲೂ ಮೊದಲ ಏಳೆಂಟು ನಡೆಗಳನ್ನು ಬೆರಳಿಗೆ ಬಿಟ್ಟೆ. ಎದುರಿನವನ ಸಮಯ ಓಡುತ್ತಿರುವಾಗಲೇ ನನ್ನ ಯೋಚನೆ ಮುಗಿಸಿಕೊಳ್ಳುವುದನ್ನು ಕಲಿತೆ. ಹೆದರಿಕೆ ಬಂದಾಗ ಕಾಯಿಯನ್ನು ಹಿಂದಕ್ಕೆ ಎಳೆಯುವ ಅಭ್ಯಾಸ ಮಾತ್ರ ಪೂರ್ತಿ ಹೋಗಲಿಲ್ಲ. ಆರುನೂರರ ಹತ್ತಿರ ಬಿದ್ದಿದ್ದ ನಂಬರು ಒಂದು ವರ್ಷದಲ್ಲಿ ಒಂಬೈನೂರು ದಾಟಿತು. ಅಂಗನವಾಡಿಯದು ನಡೆದದ್ದು ಇದಾದ ಮೇಲೆ.

ಅಲ್ಲಿಂದ ಆಟದ ಸುಖವೇ ಹೋಯಿತು. ಸೋತರೆ, ಅವಸರದಲ್ಲಿ ಸೋತೆನೋ, ಮರೆತು ಸೋತೆನೋ ಎಂದು ಮನಸ್ಸು ಕುಟುಕುತ್ತಿತ್ತು. ಕುದುರೆ ಅಲ್ಲಿದೆ ಎಂದು ಕಾಣಲಿಲ್ಲವೇ, ಕಂಡೂ ನೆನಪಿನಲ್ಲಿ ನಿಲ್ಲಲಿಲ್ಲವೇ? ಗೆದ್ದರೆ ಒಂದು ಗಂಟೆ ಸಮಾಧಾನ. ಆಮೇಲೆ ಎದುರಿನವನೇ ದಡ್ಡನಿರಬೇಕು ಎಂಬ ಅನುಮಾನ. ಒಂಬೈನೂರು ಇದ್ದದ್ದು ಎಂಟುನೂರ ಐವತ್ತಕ್ಕೆ ಇಳಿದ ವಾರ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ಸೊಸೆ, "ಅತ್ತೆ, ಯಾಕೆ ಸೊರಗ್ಬುಟ್ರಿ?" ಎಂದಳು. ಬಿಸಿಲು ಎಂದೆ.

ಆಮೇಲೆ ಆ ಆಟ ಬಂತು. ನನ್ನದು ಬಿಳಿ. ಕೊನೆಗೆ ನನ್ನ ಬಳಿ ರಾಜ, ಎಡಗಡೆ ಅಂಚಿನ ಒಬ್ಬ ಸಿಪಾಯಿ. ಎದುರಿನವನ ಬಳಿಯೂ ರಾಜ, ಒಬ್ಬ ಸಿಪಾಯಿ. ಅವನ ರಾಜ ನನ್ನ ಕಡೆಯ ಬಲ ಮೂಲೆಗೆ ಒತ್ತಿಕೊಂಡು, ತನ್ನ ಸಿಪಾಯಿಗೇ ದಾರಿ ಕಟ್ಟಿ ನಿಂತಿದ್ದ. ಆ ಮೂಲೆಯೊಂದನ್ನು ಬಿಟ್ಟು ಅವನ ಸುತ್ತಿನ ಮನೆಗಳನ್ನು ನನ್ನ ರಾಜ ಕಾಯುತ್ತಿದ್ದ. ನನಗೆ ಉಳಿದಿದ್ದದ್ದು ಹನ್ನೊಂದು ಸೆಕೆಂಡು. ಸಿಪಾಯಿಯನ್ನು ಎದುರಿನ ಕೊನೆ ಸಾಲಿಗೆ, ಮೂಲೆಯ ಆನೆ ಮನೆಗೆ ತಳ್ಳಿದೆ. ಏನಾಗಬೇಕು ಎಂದು ಫೋನು ಕೇಳಿತು. ಮಂತ್ರಿ, ಕುದುರೆ, ಆನೆ, ಒಂಟೆ, ನಾಲ್ಕು ಚಿತ್ರ. ನನ್ನ ಬೆರಳು ಆನೆಯನ್ನು ಒತ್ತಿಬಿಟ್ಟಿತು.

ಏನು ಒತ್ತಿದೆ ಎಂದು ಆಮೇಲೆಯೇ ನೋಡಿದೆ. "ಅಜ್ಜಿ, ಇಲ್ಲಿ ಊರಾಟ ಅಲ್ಲ, ಯಾವಾಗ್ಲೂ ಮಂತ್ರಿನೇ ತಗೊ" ಎಂದು ದೊಡ್ಡವಳು ಹೇಳಿ ಹೇಳಿ ಸಾಕಾಗಿದ್ದಳು. ತಿಂಗಳುಗಟ್ಟಲೆ ನಾನೂ ಹಾಗೇ ಮಾಡುತ್ತಿದ್ದೆ. ಅದು ಹೇಗೆ ತಲೆಯಿಂದ ಜಾರಿತು? ಹುರುಳಿಕಾಳಿನ ಮಧ್ಯಾಹ್ನವೇ ಮತ್ತೆ ಬಂದು ಮುಂದೆ ನಿಂತ ಹಾಗಾಯಿತು. ಅವನ ರಾಜ ಮೂಲೆಗೆ ಸರಿದ. ನಾನು ಆನೆಯನ್ನು ಕೆಳಗೆ ಎಳೆದೆ. ಅವನು ಗಾಬರಿಯಲ್ಲಿ ಸಿಪಾಯಿಯನ್ನು ಮುಂದಕ್ಕೆ ತಳ್ಳಿದ. ಆನೆಯನ್ನು ನನ್ನ ಕಡೆಯ ಮೊದಲ ಸಾಲಿಗೆ ಇಳಿಸಿದೆ, ಸರಿಯಲು ಮನೆಯಿಲ್ಲದೆ ಅವನ ರಾಜ ಕಟ್ಟುಬಿದ್ದ. ಗೆದ್ದಿದ್ದೆ. ಫೋನನ್ನು ದಿಂಬಿನಡಿ ತುರುಕಿ, ಇನ್ನೂ ಒಂದು ಗಂಟೆ ಹೊತ್ತಿರುವಾಗಲೇ ಹೋಗಿ ಅಂಗನವಾಡಿ ಗೇಟು ಹಿಡಿದು ನಿಂತೆ.

ಸಂಜೆ ದೊಡ್ಡವಳು ಕಾಲೇಜಿನಿಂದ ಬಂದು ಎಂದಿನಂತೆ ನನ್ನ ಆಟಗಳನ್ನು ತಿರುವಿ ನೋಡಿದಳು. ಒಮ್ಮೆಗೇ ಕಿರುಚಿಕೊಂಡಳು.

"ಅಪ್ಪಾ, ಬಾ ಇಲ್ಲಿ! ಅಜ್ಜಿ ಏನ್ ಮಾಡೈತೆ ನೋಡು! ಇಲ್ಲಿ ಮಂತ್ರಿ ತಗೊಂಡಿದ್ರೆ ಆ ತುದಿಯಿಂದ ಓರೆಯಾಗಿ ಈ ಮೂಲೆನೂ ಕಾಯ್ತಿತ್ತು. ಅವ್ನ ರಾಜಂಗೆ ಚೆಕ್ಕೂ ಇರ್ತಿರ್ಲಿಲ್ಲ, ಹೋಗಾಕೆ ಮನೆನೂ ಇರ್ತಿರ್ಲಿಲ್ಲ. ಆಟ ಸಮ ಆಗೋಗ್ತಿತ್ತು. ಆನೆ ತಗೊಂಡಿದ್ದುಕ್ಕೇ ಗೆದ್ದಿದ್ದು. ಅಜ್ಜಿ, ಹನ್ನೊಂದ್ ಸೆಕೆಂಡಲ್ಲಿ ನಿಂಗೆಂಗೆ ಹೊಳೀತು?"

ಮಗ ಬಂದು ನೋಡಿದ. ಅವನಿಗೆ ಆಟ ತಿಳಿಯದು. ಆದರೂ, "ನಮ್ಮವ್ವನ ತಲೆ ಕಂಪ್ಯೂಟ್ರು ಕಣ್ರೋ" ಎಂದ.

ಸೊಸೆ ಸೊಪ್ಪು ಬಿಡಿಸುತ್ತಾ ನಕ್ಕಳು. "ಅದುಕ್ಕೇ ನಾನು ಮಗೂನ ಅತ್ತೆ ತಾವ ಬುಟ್ಟು ನಿಶ್ಚಿಂತೆಯಾಗಿ ಹೋಗದು" ಎಂದಳು.

ಆಟದ ಹೊಗಳಿಕೆಯನ್ನು ನುಂಗಿಕೊಂಡು ಸುಮ್ಮನಿರಬಹುದಿತ್ತೇನೋ. ಸೊಸೆಯ ಆ ಮಾತು ಕೇಳಿದ ಮೇಲೆ ಆಗಲಿಲ್ಲ.

"ನಂಗೆ ಹೊಳೀಲಿಲ್ಲ. ಮರ್ತೋಗಿ ಒತ್ತಿದ್ದು" ಎಂದೆ. ಯಾರಿಗೂ ಅರ್ಥವಾಗಲಿಲ್ಲ. "ಮಗೂನೂ ಮರ್ತಿದ್ದೆ" ಎಂದೆ. ಆಮೇಲೆ ಎಲ್ಲ ಹೇಳಿದೆ, ಟೀಚರ ಹತ್ತಿರ ಸುಳ್ಳು ಹೇಳಿದ್ದನ್ನೂ.

ಸೊಸೆ ಸೊಪ್ಪನ್ನು ಕೆಳಗಿಟ್ಟಳು. ಎದ್ದು ಹೋಗಿ ಚಿಕ್ಕವಳನ್ನು ಎತ್ತಿಕೊಂಡು ನಿಂತಳು. ಅವಳ ಮೇಲೆ ನನಗೆ ಬೇಸರವಿಲ್ಲ, ನಾನಾಗಿದ್ದರೂ ಮೊದಲು ಮಗುವನ್ನೇ ಎತ್ತಿಕೊಳ್ಳುತ್ತಿದ್ದೆ. ಕೊನೆಗೆ, "ನಾಳೆ ರಜ ಹಾಕ್ತೀನಿ, ತೋರಿಸ್ಕಂಡ್ ಬರಾನ ನಡೀರಿ ಅತ್ತೆ" ಎಂದಳು. "ಒಬ್ರೇ ಇಷ್ಟು ದಿನ ಮಡಿಕ್ಕಂಡಿದ್ರಲ್ಲ" ಎಂದು ಬೈದಳು ಕೂಡ.

ರಾಮನಗರದ ಡಾಕ್ಟರಮ್ಮ ಇವತ್ತು ಯಾವ ವಾರ ಎಂದು ಕೇಳಿದರು, ಗಡಿಯಾರ ಬರೆಸಿದರು. ಮೂರು ಪದ ಹೇಳಿ, ಒಸಿ ಹೊತ್ತು ಬಿಟ್ಟು ಕೇಳುತ್ತೇನೆ ಎಂದರು. ಕೇಳಿದಾಗ ಮಾವಿನಹಣ್ಣು, ಬೀಗ ಎರಡೇ ಬಂದವು. ಮೂರನೆಯದು ವಾಪಸು ಬರುವಾಗ ಬಸ್ಸಿನಲ್ಲಿ ಬಂತು. "ಕುರ್ಚಿ!" ಎಂದು ಕೂಗಿಬಿಟ್ಟೆ. ಕಂಡಕ್ಟರು, "ಸೀಟಲ್ಲೇ ಕುಂತಿದ್ದೀಯಲ್ಲಮ್ಮ, ಇನ್ಯಾವ ಕುರ್ಚಿ?" ಎಂದ. ನಾನೂ ಸೊಸೆಯೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ರಕ್ತದಲ್ಲಿ ಏನೋ ಕಡಿಮೆಯಿದೆಯಂತೆ, ಅದರಿಂದಲೂ ಮರೆವು ಬರುತ್ತದಂತೆ. ಮಾತ್ರೆ ಕೊಟ್ಟಿದ್ದಾರೆ. ಅದರಿಂದಲೇ ಬಂದದ್ದೋ, ಅವ್ವನಿಗೆ ಬಂದದ್ದೇ ನನಗೂ ಬಂತೋ ಈಗಲೇ ಹೇಳಲಾಗದು, ಮೂರು ತಿಂಗಳು ಬಿಟ್ಟು ಬನ್ನಿ ಎಂದರು.

ಮಗುವನ್ನು ಈಗಲೂ ನಾನೇ ಕರೆತರುತ್ತೇನೆ. ಅದೇ ಹೊತ್ತಿಗೆ ಸೊಸೆ ಕೆಲಸದ ಜಾಗದಿಂದ ಫೋನು ಮಾಡುತ್ತಾಳೆ. "ಅತ್ತೆ, ಹೊಂಟ್ರಾ?" ಮೊದಲ ವಾರ ಆ ಫೋನು ಬಂದಾಗಲೆಲ್ಲ ನಾಚಿಕೆಯಿಂದ ಮುಖ ಬಿಸಿಯಾಗುತ್ತಿತ್ತು. ಈಗ, "ಗೇಟ್ ತಾವೇ ಇವ್ನಿ ಕಣವ್ವ" ಎನ್ನುತ್ತೇನೆ.

ಮೊನ್ನೆ ದೊಡ್ಡವಳು ಫೋನು ತೆಗೆದುಕೊಂಡು, "ಅಜ್ಜಿ, ಇಲ್ಲೊಂದು ಐತೆ. ಇದನ್ನ ಒತ್ಬುಟ್ರೆ ಸಿಪಾಯಿ ಕೊನೆಗೋದಾಗ ಅದೇ ಮಂತ್ರಿ ಮಾಡ್ಕತದೆ. ನಿನ್ನ ಕೇಳಾಕಿಲ್ಲ. ಟೈಮೂ ಉಳೀತದೆ" ಎಂದಳು.

"ಬ್ಯಾಡ" ಎಂದೆ. "ಕೇಳ್ಲಿ."

ಹಾಗಾಗಿ ಅದು ಈಗಲೂ ಪ್ರತಿ ಸಲ ನಾಲ್ಕು ಚಿತ್ರ ತೋರಿಸಿ ಕೇಳುತ್ತದೆ. ಒಂದೆರಡು ಸೆಕೆಂಡು ಹೋಗುತ್ತದೆ, ಅದರಿಂದ ಎರಡು ಆಟ ಸೋತಿದ್ದೂ ಉಂಟು. ಬೆರಳನ್ನು ಮೇಲೆತ್ತಿ ಹಿಡಿದು, ಇದು ಮಂತ್ರಿ, ಇದು ಆನೆ ಎಂದು ಬಾಯಲ್ಲಿ ಹೇಳಿಕೊಂಡು, ಆಮೇಲೆ ಒತ್ತುತ್ತೇನೆ.