ಹೋಗಿ ಬರ್ತೀನಿ ಎನ್ನದ ಗಂಡ

ನಮ್ಮವರಿಗೆ ಎರಡು ಹುಚ್ಚು. ಒಂದು ಆಕಾಶದ್ದು, ಇನ್ನೊಂದು ಬೆಟ್ಟದ್ದು. ಆಕಾಶದ ಹುಚ್ಚಿಗೆ ಪುಣೆಯ ಸಂಸ್ಥೆಯೊಂದು ಸಂಬಳ ಕೊಡುತ್ತದೆ. ನಕ್ಷತ್ರಗಳು ಹೇಗೆ ಹುಟ್ಟಿ ಹೇಗೆ ಸಾಯುತ್ತವೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಬೆಟ್ಟದ ಹುಚ್ಚಿಗೆ ಇದ್ದಬದ್ದ ರಜೆಯೆಲ್ಲ ಹೋಗುತ್ತದೆ. ನಾನು ಬಿಳೂರಿನ ಕನ್ನಡ ಶಾಲೆಯಲ್ಲಿ ಕಲಿಸುತ್ತ ಅತ್ತೆಯ ಜೊತೆ ಊರಲ್ಲೇ ಇದ್ದೇನೆ. ಪ್ರತಿ ವರ್ಷ ಹಿಮಾಲಯಕ್ಕೆ ಹೊರಡುವ ಮುಂಚೆ ಅವರು ಇಲ್ಲಿಗೆ ಬಂದು, ಅತ್ತೆಯ ಕೈಯಿಂದ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೋಗುತ್ತಾರೆ.

ಇವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ಊರಿನವರಿಗೆ ತಿಳಿಯದು. ನಕ್ಷತ್ರ ನೋಡುವವರು ಎಂದು ಮಗಳ ಜಾತಕ ಹಿಡಿದುಕೊಂಡು ಬಂದವರೂ ಇದ್ದರು. ಸನಮಡಿಯ ಕಡೆಯಿಂದ ಕುರಿ ಹೊಡೆದುಕೊಂಡು ಬರುವ ಕಾಕಾ ಒಮ್ಮೆ, ಅಷ್ಟು ಎತ್ತರದಲ್ಲಿ ಹುಲ್ಲು ಚೆನ್ನಾಗಿದೆಯೇ ಎಂದು ವಿಚಾರಿಸಿದರು. ಹುಲ್ಲಿಲ್ಲ, ಬರೀ ಹಿಮ ಎಂದರು ಇವರು. ಕಾಕಾ ಕನಿಕರದಿಂದ ನೋಡಿದ್ದು ನನ್ನನ್ನು.

ಹುಚ್ಚನ್ನಾದರೂ ಸಹಿಸಬಹುದು, ಇವರ ಕರಾರುವಾಕ್ಕು ಮಾತನ್ನು ಸಹಿಸುವುದು ಕಷ್ಟ. ಊಟಕ್ಕೆ ಬರುತ್ತೀರಾ ಎಂದು ಕೇಳಿದರೆ ಬರುವ ಸಾಧ್ಯತೆ ಹೆಚ್ಚು ಎನ್ನುತ್ತಾರೆ. ನಕ್ಷತ್ರದ ವಯಸ್ಸಿನಲ್ಲಿ ಕೋಟಿಗಟ್ಟಲೆ ವರ್ಷ ಆಚೀಚೆ ಬಿಡುವವರು, ನನ್ನ ವಯಸ್ಸಿನಲ್ಲಿ ಮಾತ್ರ ಒಂದು ವರ್ಷವನ್ನೂ ಬಿಟ್ಟುಕೊಡುವುದಿಲ್ಲ.

ಹೊರಡುವಾಗಿನ ರಗಳೆಗೂ ಇದೇ ಕಾರಣ. ನಮ್ಮಲ್ಲಿ ಅಂಗಡಿಗೆ ಹೋಗುವವರೂ ‘ಹೋಗಿ ಬರ್ತೀನಿ’ ಎಂದೇ ಹೊಸ್ತಿಲು ದಾಟಬೇಕು. ಇವರು ‘ಹೊಂಟೀನಿ’ ಎನ್ನುತ್ತಾರೆ. ಹಾಗನ್ನಬಾರದು ಎಂದು ಅತ್ತೆ ಬೈದರೆ, ಹೋಗುವುದು ನನ್ನ ಕೈಯಲ್ಲಿದೆ, ಬರುವುದು ಹಿಮಕ್ಕೆ ಬಿಟ್ಟದ್ದು ಎಂದು ಪಾಠ ಮಾಡುತ್ತಾರೆ. ಅತ್ತೆಗೆ ಸಿಟ್ಟು, ನನಗೆ ನಗು. ಒಂದು ಸಲವಾದರೂ ಆ ಮಾತು ಆಡಿಸಿಯೇ ಬಿಡುತ್ತೇನೆ ಎಂದು ಪಂಥ ಕಟ್ಟಿದ್ದೆ. ಶೇಂಗಾ ಹೋಳಿಗೆಯ ಲಂಚವನ್ನೂ ಕೊಟ್ಟೆ. ತುಪ್ಪ ಹಾಕಿಸಿಕೊಂಡು ತಿಂದರು, ‘ಹೊಂಟೀನಿ’ ಎಂದರು.

ಹೋದ ವರ್ಷ ಅವರ ಜೊತೆ ಹತ್ತುತ್ತಿದ್ದ ಹಳೆಯ ಗೆಳೆಯ ಹಿಮದಲ್ಲಿ ಜಾರಿಬಿದ್ದು ತೀರಿಕೊಂಡರು. ಮನೆಗೆ ಬಂದ ಇವರು ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಕೈಕಾಲು ತೊಳೆಯಲು ಹೋದರು. ಈ ವರ್ಷ ಅವರ ಪುಣೆಯ ತಂಡ ಮತ್ತೆ ಅದೇ ಬೆಟ್ಟಕ್ಕೆ ಹೊರಟಿತು. ಇವರೂ ಊರಿಗೆ ಬಂದರು, ವಿಭೂತಿ ಹಚ್ಚಿಸಿಕೊಂಡರು, ಚೀಲ ಹೆಗಲಿಗೇರಿಸಿ ಕಟ್ಟೆ ಇಳಿಯುವಾಗ ನಮ್ಮ ಕಡೆ ತಿರುಗಿದರು.

“ಹೋಗಿ ಬರ್ತೀನಿ,” ಎಂದರು.

ಅತ್ತೆ ಸಂತೋಷದಿಂದ ಕೈ ಮುಗಿದರು. ಪಂಥ ಗೆದ್ದ ನನಗೆ ಮಾತ್ರ ನಗು ಬರಲಿಲ್ಲ. ಖಾತ್ರಿಯಿಲ್ಲದ್ದನ್ನು ಎಂದೂ ಹೇಳದ ಮನುಷ್ಯ, ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದರು. ಮದುವೆಯಾದಂದಿನಿಂದ ಅವರನ್ನು ಒಮ್ಮೆಯೂ ತಡೆದವಳಲ್ಲ ನಾನು.

“ಈ ಸಲ ಹೋಗಬ್ಯಾಡ್ರಿ,” ಎಂದೆ. “ನಿಮಗ ಅಂಜಿಕಿ ಆಗೈತಿ.”

“ಭಾಳ ಆಗೈತಿ,” ಎಂದು ಅವರು ಚೀಲ ಇಳಿಸಿ ಕಟ್ಟೆಯ ಮೇಲೆ ಕೂತುಬಿಟ್ಟರು.

ತಂಡದವರಿಗೆ ಫೋನು ಮಾಡುವಾಗ ಮೊಣಕಾಲು ನೋವು ಎಂದು ಹೇಳಿರೆಂದು ನಾನು ಕಲಿಸಿಕೊಟ್ಟೆ. ನನ್ನ ಮಾತು ಎಲ್ಲಿ ಕೇಳುತ್ತಾರೆ? ನನಗೆ ಹೆದರಿಕೆಯಾಗಿದೆ, ಅದಕ್ಕೇ ಬರುವುದಿಲ್ಲ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ನನಗೆ ಅಳು ಬಂತು, ಅವರ ಬಗ್ಗೆ ಹೆಮ್ಮೆಯೂ ಆಯಿತು. ಅವರು ಇನ್ನೂ ಫೋನಿನಲ್ಲಿ ಮಾತಾಡುತ್ತಿದ್ದಂತೆ, ಅತ್ತೆ ಕೆಳಗೆ ಕೂತು ಮಗನ ಬೂಟಿನ ಲಾಡಿ ಬಿಚ್ಚತೊಡಗಿದರು.