ಪಟ್ಟಿ ನಂಬದ ಧರೆಪ್ಪ ಮತ್ತು ಹತ್ತು ವ್ಯಾಟಿನ ಡಬ್ಬಿ

ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಧರೆಪ್ಪ ಒಂದು ಪಂಪ್‌ಸೆಟ್ ಮೋಟರಿನ ಮೈಮೇಲೆ ‘ಐದು ಎಚ್‌ಪಿ’ ಎಂದು ಬರೆದ ತಗಡಿನ ಪಟ್ಟಿ ಕೂರಿಸಿ ರಿವೆಟ್ ಬಡಿಯುತ್ತಿದ್ದರು. ಎರಡು ದಿನ ಕೂತು ಅವರೇ ಮೋಟರಿನ ಒಳಗೆ ಸುತ್ತಿದ್ದ ತಾಮ್ರದ ತಂತಿ ಏಳೂವರೆ ಎಚ್‌ಪಿಯದು. ಎದುರಿನ ಸ್ಟೂಲಿನ ಮೇಲೆ ಮಸೂತಿ ಊರಿನ ರೈತ ಕಾಳಪ್ಪ ಚಹಾ ಕುಡಿಯುತ್ತ ಕಾಯುತ್ತಿದ್ದ. ಅವನ ಬಾವಿಗೆ ಕರೆಂಟಿನವರು ಮಂಜೂರು ಮಾಡಿದ್ದು ಐದು, ನೀರು ಎತ್ತಲು ಬೇಕಾದದ್ದು ಏಳೂವರೆ.

“ಪಟ್ಟಿ ಗಟ್ಟಿ ಬಡೀರಿ ಮಾವಾರ. ಹಿಂದಿಂದು ಆರ ತಿಂಗಳದಾಗ ಉದುರಿ ಬಿತ್ತು,” ಎಂದ ಕಾಳಪ್ಪ.

“ಮೋಟರ್ ಸುಟ್ಟರ ಸುಟ್ಟೀತು, ಈ ಪಟ್ಟಿ ಉದುರಂಗಿಲ್ಲ. ಚಾ ಕುಡಿ,” ಎಂದರು ಧರೆಪ್ಪ.

ದೇವರ ಹಿಪ್ಪರಗಿಯ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಅವರ ಮೋಟರ್ ವೈಂಡಿಂಗ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಅದೇ ಬೆಂಚು, ಅದೇ ಸುತ್ತುವ ಚಕ್ರ. ವಯಸ್ಸು ನಲವತ್ತೇಳು. ಬೆರಳ ತುದಿಗಳಲ್ಲಿ ವಾರ್ನಿಷ್ ಕಪ್ಪಗೆ ಕೂತಿದೆ. ಹೊರಗೆ ಬರೆದದ್ದೊಂದು, ಒಳಗೆ ಇರುವುದೊಂದು ಎಂಬ ಮೋಟರುಗಳನ್ನು ಅವರು ಇಷ್ಟು ವರ್ಷ ತಮ್ಮ ಕೈಯಿಂದಲೇ ಕಳಿಸಿದ್ದಾರೆ. ಹೀಗಾಗಿ ಯಾವ ಯಂತ್ರದ ಮೇಲಿನ ಬರಹವನ್ನೂ ಅವರು ನಂಬುವುದಿಲ್ಲ. ಮಿಕ್ಸರ್ ಕೊಂಡಾಗ ಅಳೆದರು. ಫ್ಯಾನ್ ಕೊಂಡಾಗ ಅಳೆದರು. ಅತ್ತೆಯ ಮನೆಯಿಂದ ಬಂದ ಇಸ್ತ್ರಿ ಪೆಟ್ಟಿಗೆಯನ್ನೂ ಅಳೆದು ಒಂದು ವಾರ ಮಾತು ಕೇಳಿಸಿಕೊಂಡರು.

ಎರಡನೇ ರಿವೆಟ್ ಬಡಿಯುವಾಗ ಫೋನ್ ಬಂತು. ಹೆಂಡತಿ ಸುಮಂಗಲಾ.

“ಹೋತ್ರಿ. ಹನ್ನೊಂದನೇ ಪುಟ ಪೂರಾ ಹೋತು.”

“ಸೇವ್ ಮಾಡಿರಲಿಲ್ಲೇನು?”

“ಮಾಡಾಕ ಬಿಡಬೇಕಲ್ಲ ಅದು? ಈ ಸಲ ಬರೇ ಆಫ್ ಆಗಿಲ್ರಿ. ಕಂಪ್ಯೂಟರಿನಿಂದ ಸುಟ್ಟ ವಾಸನಿ ಬರಾಕತ್ತೈತಿ.”

ಊರಿನಿಂದ ನಾಲ್ಕು ಕಿಲೋಮೀಟರ್ ದೂರ, ಸಿಂದಗಿ ರಸ್ತೆಯ ಎಡಕ್ಕೆ, ತೊಗರಿ ಹೊಲದ ನಡುವೆ ಅವರ ಮನೆ. ಹೊಲದ ಲೈನಿನಲ್ಲಿ ಸರಿಯಾದ ಕರೆಂಟು ದಿನಕ್ಕೆ ಏಳು ತಾಸು. ಅದೂ ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ಉಳಿದ ಹೊತ್ತಿನಲ್ಲಿ ಬರುವ ಕರೆಂಟಿಗೆ ಬಲ್ಬು ಕೆಂಪಗೆ ಉರಿಯುತ್ತದೆ, ಅಷ್ಟೇ. ಆ ಮನೆಯಲ್ಲಿ ಕೂತು ಸುಮಂಗಲಾ ಒಂಬತ್ತು ವರ್ಷದಿಂದ ಕನ್ನಡ ಟೈಪಿಂಗ್ ಮಾಡುತ್ತಿದ್ದಾರೆ. ಇಂಡಿ ಪಟ್ಟಣದಲ್ಲಿ ಮುದ್ರಣಾಲಯ ನಡೆಸುವ ಸಂಗಮೇಶ ಕೈಬರಹದ ಕಟ್ಟು ಕಳಿಸುತ್ತಾರೆ. ಇವರು ಟೈಪ್ ಮಾಡಿ ಫೋನಿನ ಮೂಲಕ ಹಿಂದಕ್ಕೆ ಕಳಿಸುತ್ತಾರೆ. ಈ ಸಲದ್ದು ನಿವೃತ್ತ ಪಶುವೈದ್ಯರೊಬ್ಬರು ಬರೆದ ದನಕರುಗಳ ಆರೈಕೆಯ ಪುಸ್ತಕ, ನಾನೂರ ಇಪ್ಪತ್ತು ಪುಟ. ತಿಂಗಳ ಕೊನೆಗೆ ಮುಗಿಯಬೇಕು. ಮುಗಿಯದಿದ್ದರೆ ಮುಂದಿನ ವರ್ಷದ ಕೆಲಸವನ್ನೆಲ್ಲ ವಿಜಯಪುರದ ಟೈಪಿಸ್ಟ್ ಒಬ್ಬರಿಗೆ ಕೊಡುವುದಾಗಿ ಸಂಗಮೇಶ ಮೊದಲೇ ಹೇಳಿದ್ದರು.

ಒಂದು ದಾರಿಯೆಂದರೆ, ಕರೆಂಟು ಸರಿಯಿರುವ ಸಿಂದಗಿಯಲ್ಲಿ ಬಾಡಿಗೆಗೆ ಖೋಲಿ ಹಿಡಿಯುವುದು. ಧರೆಪ್ಪನ ತಾಯಿ ಗುಂಡವ್ವ ಹೊಲ ಬಿಟ್ಟು ಬರುವವರಲ್ಲ, ಅವರನ್ನು ಬಿಟ್ಟು ಹೋಗಲು ಸುಮಂಗಲಾ ತಯಾರಿಲ್ಲ. ಆದ್ದರಿಂದ ಉಳಿದದ್ದು ಒಂದೇ. ಮನೆಯ ಮೇಲೆ ದೀಪಕ್ಕೆಂದು ಹಾಕಿಸಿದ ಒಂದು ಸೋಲಾರ್ ಫಲಕ, ಒಳಗೆ ಒಂದು ಬ್ಯಾಟರಿ ಇತ್ತು. ಅಷ್ಟರ ಮೇಲೆ ದಿನಕ್ಕೆ ಎಂಟು ತಾಸು ನಡೆಯುವ ಕಂಪ್ಯೂಟರ್ ಬೇಕಿತ್ತು. ಈಗ ಸುಟ್ಟುಹೋದ ಹಳೆಯ ಕಂಪ್ಯೂಟರಿನ ದೊಡ್ಡ ಪೆಟ್ಟಿಗೆ ಅದೇ ಬ್ಯಾಟರಿಯನ್ನು ಎರಡು ತಾಸಿನಲ್ಲಿ ಕುಡಿದು ಮುಗಿಸುತ್ತಿತ್ತು.

ಮರುದಿನ ಧರೆಪ್ಪ ಸಿಂದಗಿಗೆ ಹೋದರು. ಚೀಲದಲ್ಲಿ ಎರಡು ಸಾಮಾನು: ಬಾಯಿ ತೆರೆದು ತಂತಿಯನ್ನು ಕಚ್ಚಿ ಹಿಡಿದು ಆಂಪಿಯರ್ ತೋರಿಸುವ ಕ್ಲ್ಯಾಂಪ್ ಮೀಟರ್, ಮತ್ತು ಒಳಗಿನ ತಂತಿಗಳನ್ನು ಬೇರೆ ಬೇರೆ ಬಿಡಿಸಿಟ್ಟ ಒಂದು ಮಾರು ವೈರು. ಅಲ್ಲಿಯ ಕಂಪ್ಯೂಟರ್ ಅಂಗಡಿಯಾತ ಅಂಗೈ ಅಗಲದ ಒಂದು ಡಬ್ಬಿಯ ಚಿತ್ರ ತೋರಿಸಿದ; ಇಡೀ ಕಂಪ್ಯೂಟರ್ ಅದರೊಳಗೇ, ಪರದೆ ಮಾತ್ರ ಬೇರೆ. ಹತ್ತು ವ್ಯಾಟ್ ಎಂದು ಬರೆದಿತ್ತು.

“ಹಚ್ಚಿ ತೋರಸ್ರಿ,” ಎಂದರು ಧರೆಪ್ಪ.

“ಸ್ಟಾಕ್ ಇಲ್ರಿ. ಆರ್ಡರ್ ಕೊಟ್ರ ತರಸ್ತೇನಿ.”

“ಅಳೀದ ತಗೊಳ್ಳೂದು ಹ್ಯಾಂಗ?”

“ಮ್ಯಾಲೆ ಬರದೈತಲ್ರಿ, ಹತ್ತು ವ್ಯಾಟ್ ಅಂತ.”

ಧರೆಪ್ಪ ನಕ್ಕರು. “ಬರಿಯೂದು ನನಗೂ ಬರತೈತಿ.”

ಅಂಗಡಿಯಾತ ಲ್ಯಾಪ್‌ಟಾಪ್ ತೋರಿಸಿದ. ಅದರ ಚಾರ್ಜರಿನ ಮೇಲೆಯೇ ಅರವತ್ತೈದು ವ್ಯಾಟ್ ಎಂದಿತ್ತು. ಅಲ್ಲದೆ ದಿನವಿಡೀ ಬಗ್ಗಿ ನೋಡಿದರೆ ಸುಮಂಗಲಾಗೆ ಕುತ್ತಿಗೆ ಹಿಡಿಯುತ್ತದೆ. ಧರೆಪ್ಪ ಬರಿಗೈಯಲ್ಲಿ ಬಸ್ ಹತ್ತಿದರು.

ಆ ವಾರ ಅಂಗಡಿಯಲ್ಲಿ ಕೆಲಸ ಸಾಗಲಿಲ್ಲ. ಅರ್ಧ ಸುತ್ತಿದ ಮೋಟರ್ ಬಿಟ್ಟು ಎದ್ದು ನಿಲ್ಲುವರು, ಫೋನಿನಲ್ಲಿ ಕಂಪ್ಯೂಟರಿನ ವಿಡಿಯೊ ನೋಡುವರು, ಮತ್ತೆ ಕೂತು ಸುತ್ತಿನ ಲೆಕ್ಕ ತಪ್ಪಿ ತಂತಿ ಬಿಚ್ಚುವರು. ಮನೆಯಲ್ಲಿ ಊಟಕ್ಕೆ ಕೂತರೆ ರೊಟ್ಟಿ ಮುರಿಯುತ್ತಲೇ ಎಂಟು ತಾಸನ್ನು ಹತ್ತು ವ್ಯಾಟಿಗೆ, ಇಪ್ಪತ್ತಕ್ಕೆ, ಮೂವತ್ತಕ್ಕೆ ಗುಣಿಸುವರು. ಸುಮಂಗಲಾ ಕೈಬರಹದ ಕಟ್ಟನ್ನು ತೆಗೆದು ಓದಿ, ಅಕ್ಷರ ತಿಳಿಯದ ಕಡೆ ಪೆನ್ಸಿಲಿನಿಂದ ಗುರುತು ಹಾಕಿ ಮತ್ತೆ ಕಟ್ಟಿಟ್ಟರು.

ಎರಡನೇ ವಾರ ಬಸವನ ಬಾಗೇವಾಡಿ. ಅಲ್ಲಿ ಒಂದು ಅಂಗಡಿಯಲ್ಲಿ ಅಂಥದೇ ಡಬ್ಬಿ ಗಲ್ಲೆಯ ಮೇಜಿನ ಮೇಲೆ ನಡೆಯುತ್ತಿತ್ತು. ಧರೆಪ್ಪ ಗೋಡೆಯ ಪ್ಲಗ್ಗಿಗೂ ಅದರ ಚಾರ್ಜರಿಗೂ ನಡುವೆ ತಮ್ಮ ವೈರನ್ನು ಜೋಡಿಸಿದರು. ಇಷ್ಟು ಸಣ್ಣ ಕರೆಂಟು ಕ್ಲ್ಯಾಂಪ್ ಮೀಟರಿಗೆ ಕಾಣುವುದಿಲ್ಲ. ಅದಕ್ಕೆ ವೈಂಡಿಂಗ್‌ನವರ ಉಪಾಯ ಒಂದಿದೆ: ಒಂದೇ ತಂತಿಯನ್ನು ಮೀಟರಿನ ಬಾಯಿಗೆ ಹತ್ತು ಸುತ್ತು ಸುತ್ತಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸುವುದು. ಹಾಗೆ ಮಾಡಿ, ಮೋಟರಿಗೆ ಮಾಡುವಂತೆ ಆಂಪಿಯರನ್ನು ವೋಲ್ಟಿನಿಂದ ಗುಣಿಸಿದರು.

“ಇಪ್ಪತ್ತೊಂದು. ಬರದದ್ದು ಹತ್ತು,” ಎಂದರು.

ಅಂಗಡಿಯಾತ ಡಬ್ಬಿಯನ್ನು ತಿರುಗಿಸಿ ಬರಹ ಓದಿದ. ಧರೆಪ್ಪನಿಗೆ ಸಿಟ್ಟಿನ ಜೊತೆ ಸ್ವಲ್ಪ ಸಮಾಧಾನವೂ ಆಯಿತು. ತಮ್ಮ ಅನುಮಾನ ಸುಳ್ಳಾಗಲಿಲ್ಲವಲ್ಲ. ಮನೆಗೆ ಬಂದು ಹೇಳಿದಾಗ ಸುಮಂಗಲಾ ಕೇಳಿದರು:

“ಇಪ್ಪತ್ತೊಂದಾದ್ರ ಎಂಟ ತಾಸು ನಡೀತಿತ್ತಿಲ್ರಿ?”

“ನಡೀತಿತ್ತು.”

“ಮತ್ತ ಬಿಟ್ಟು ಯಾಕ ಬಂದ್ರಿ?”

“ಹತ್ತು ಅಂತ ಸುಳ್ಳ ಬರದಾರಲ್ಲ! ಒಂದ ಸುಳ್ಳ ಬರದಾಂವ ಇನ್ನೇನ ಬರದಿರಂಗಿಲ್ಲ?”

“ನಿಮ್ಮ ಮೋಟರ್ ಒಯ್ದಾವ್ರೆಲ್ಲ ಹಿಂಗ ಅಂದಿದ್ರ ನಾವು ಉಪಾಸ ಇರ್ತಿದ್ವಿ,” ಎಂದು ಹೇಳಿ ಸುಮಂಗಲಾ ಒಳಗೆ ಹೋದರು.

ಮೂರನೆಯದು ಮುದ್ದೇಬಿಹಾಳ. ಅಲ್ಲಿ ಬಸ್ ನಿಲ್ದಾಣದ ಎದುರು ಮುಮ್ತಾಜ ಎಂಬ ಮೂವತ್ತರ ಹೆಣ್ಣುಮಗಳು ಕಂಪ್ಯೂಟರ್ ಮಾರುತ್ತಾರೆ, ರಿಪೇರಿಯನ್ನೂ ಮಾಡುತ್ತಾರೆ. ಧರೆಪ್ಪ ಹತ್ತು ಸುತ್ತು ಸುತ್ತುವುದನ್ನು ಅವರು ಕೈಕಟ್ಟಿ ನೋಡಿದರು. ಮತ್ತೆ ಇಪ್ಪತ್ತೊಂದು ಬಂತು.

“ಅಣ್ಣಾರ, ನೀವು ಮನ್ಯಾಗ ಇದನ್ನ ಗ್ವಾಡಿ ಪ್ಲಗ್ಗಿಗೆ ಹಚ್ಚತೀರೋ, ಬ್ಯಾಟರಿಗೆ ಹಚ್ಚತೀರೋ?”

“ಬ್ಯಾಟರಿಗೆ.”

“ಮತ್ತ ಗ್ವಾಡಿ ಕಡೆ ಯಾಕ ಅಳೀತೀರಿ? ಈ ಸಣ್ಣ ಚಾರ್ಜರು ಮೋಟರ್ ಇದ್ದಂಗ ಅಲ್ರಿ. ಆ ಕಡೆಯಿಂದ ಆಂಪಿಯರ್ ಗುಣಿಸಿದ್ರ ಲೆಕ್ಕ ಎರಡ ಪಟ್ಟು ಬರತೈತಿ. ಇದು ಹನ್ನೆರಡ ವೋಲ್ಟಿನ ಡಬ್ಬಿ. ಚಾರ್ಜರ್ ತಗದು, ನೆಟ್ಟಗ ಬ್ಯಾಟರಿಗೆ ಹಚ್ಚಿ ನೋಡ್ರಿ. ನನ್ನ ಕಡೆ ಬ್ಯಾಟರಿ ಐತಿ.”

ಧರೆಪ್ಪ ಮೀಟರಿನ ಬಾಯಿಂದ ಸುತ್ತುಗಳನ್ನು ಬಿಚ್ಚತೊಡಗಿದರು. ಈ ಮಾತು ತಮಗೆ ಹೊಳೆಯಬೇಕಿತ್ತು ಎಂದು ಅವರಿಗೆ ಗೊತ್ತಾಗಿತ್ತು. ಆದರೂ ಹೇಳಿದ್ದು ಬೇರೆ: “ನಿನ್ನ ಬ್ಯಾಟರಿ ಹ್ಯಾಂಗೈತೋ ನನಗ ಗೊತ್ತಿಲ್ಲ ತಂಗಿ. ನಮ್ಮದ ತರ್ತೇನಿ.”

“ಬ್ಯಾಟರಿಗೂ ಕುಂಡಲಿ ನೋಡ್ತೀರೇನ್ರಿ? ತರ್ರಿ ತರ್ರಿ. ಹೆಣ್ಣಿನ ಕಡ್ಯಾವ್ರು ಕಾದಿರ್ತೇವಿ.”

ಮತ್ತೆ ನಾಲ್ಕು ದಿನ ಹೋಯಿತು. ಮುದ್ದೇಬಿಹಾಳದ ಹತ್ತಿರದ ತಂಗಡಗಿಗೆ ಒಂದು ಮೋಟರ್ ಇಳಿಸಲು ಗೂಡ್ಸ್ ಗಾಡಿ ಹೊರಟ ದಿನ ಧರೆಪ್ಪ ಬ್ಯಾಟರಿಯನ್ನು ಹಗ್ಗ ಹಾಕಿ ಅದರಲ್ಲಿ ಕಟ್ಟಿದರು. ಸುಮಂಗಲಾ ಕೈಬರಹದ ನಾಲ್ಕು ಪುಟ, ಟೈಪಿಂಗ್ ತಂತ್ರಾಂಶ ಇದ್ದ ಪೆನ್‌ಡ್ರೈವ್ ಹಿಡಿದುಕೊಂಡು ಚಾಲಕನ ಪಕ್ಕ ಕೂತಿದ್ದರು.

“ನೀ ಯಾಕ ಹೊಂಟಿ?” ಎಂದರು ಧರೆಪ್ಪ.

“ಟೈಪ್ ಮಾಡಾಕಿ ನಾನು. ಮೂರ ಸಲ ನೀವು ಹೋಗಿ ಬಂದ್ರಿ, ಕೀಲಿ ಒತ್ತಿ ನೋಡೀರೇನು?”

ಮುಮ್ತಾಜರ ಅಂಗಡಿಯಲ್ಲಿ ಬ್ಯಾಟರಿ ಇಳಿಯಿತು. ಚಾರ್ಜರ್ ಬಿಟ್ಟು, ನಡುವೆ ಧರೆಪ್ಪ ತಂದಿದ್ದ, ಬ್ಯಾಟರಿ ಕರೆಂಟು ಅಳೆಯುವ ಒಂದು ಸಣ್ಣ ಮೀಟರ್ ಜೋಡಿಸಿ ಡಬ್ಬಿಯನ್ನು ನೇರ ಬ್ಯಾಟರಿಗೆ ಹಚ್ಚಿದರು. ಧರೆಪ್ಪ ಬಗ್ಗಿ ಅಂಕಿ ಓದಿದರು. ಗುಣಿಸಿದರು. ಹತ್ತು ಮುಕ್ಕಾಲು. ಇನ್ನೊಮ್ಮೆ ಓದಿದರು. ಅಷ್ಟೇ.

ಆಮೇಲೆ ಮುಮ್ತಾಜ ದೊಡ್ಡ ಪರದೆ ಜೋಡಿಸಿದರು. ಅದಕ್ಕೆ ಬ್ಯಾಟರಿಯ ಕರೆಂಟನ್ನು ಗೋಡೆ ಪ್ಲಗ್ಗಿನ ಕರೆಂಟಾಗಿಸುವ ಇನ್ವರ್ಟರ್ ಬೇಕು. ಅಂಕಿ ಒಮ್ಮೆಗೇ ನಲವತ್ತಮೂರಕ್ಕೆ ಏರಿತು.

“ನೋಡ್ದೇನು!” ಎಂದು ಧರೆಪ್ಪ ಎದ್ದು ನಿಂತರು.

“ಏನ್ ನೋಡ್ಲಿ ಅಣ್ಣಾರ? ಡಬ್ಬಿ ಅಷ್ಟ ತಿನ್ನಾಕತ್ತಿಲ್ಲ. ತಿನ್ನಾವು ಪರದೆ, ಇನ್ವರ್ಟರು. ಇಷ್ಟ ದಿನ ನೀವು ಡಬ್ಬಿ ಅಳದ್ರಿ, ಪರದೆ ಯಾರೂ ಅಳೀಲಿಲ್ಲ.”

ಅವರು ಒಳಗಿನಿಂದ ಹದಿನೈದು ಇಂಚಿನ ಇನ್ನೊಂದು ಪರದೆ ತಂದರು. ಅದು ಸಹ ನೇರ ಬ್ಯಾಟರಿಯ ಮೇಲೆ ನಡೆಯುವಂಥದು. ಎರಡೂ ಸೇರಿ ಇಪ್ಪತ್ತು ವ್ಯಾಟ್. ಸುಮಂಗಲಾ ಕುರ್ಚಿ ಎಳೆದುಕೊಂಡು ಕೂತರು. ತಂತ್ರಾಂಶ ತೆರೆದು ಕೀಲಿಗಳ ಮೇಲೆ ಬೆರಳಿಟ್ಟರು. ಅಕ್ಷರ ಸಣ್ಣದಾಗಿ ಕಂಡಿತು, ದೊಡ್ಡದು ಮಾಡಿದರು. ಆಗ ಪರದೆಯ ಮೇಲೆ ಅರ್ಧ ಪುಟ ಮಾತ್ರ ಹಿಡಿಯಿತು. ಎಮ್ಮೆಯ ಕೆಚ್ಚಲು ಬಾವಿನ ಬಗ್ಗೆ ಪಶುವೈದ್ಯರು ಬರೆದದ್ದನ್ನು ಒತ್ತಕ್ಷರಕ್ಕೂ ಎಲ್ಲೂ ನಿಲ್ಲದೆ ಹೊಡೆದು, ಮೇಲಕ್ಕೆ ಸರಿಸಿ ಓದಿ, ಕೆಳಕ್ಕೆ ಬಂದರು.

“ಅರ್ಧ ಪುಟ ಕಂಡ್ರ ಸಾಕು. ಬರಿಯೂದು ಒಂದೊಂದ ಸಾಲ,” ಎಂದರು.

ಧರೆಪ್ಪ ಮಾತ್ರ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. “ಎಂಟ ತಾಸು ಇಲ್ಲೇ ನಡಸಿ ನೋಡೂಣು. ಬಿಸಿ ಆದಮ್ಯಾಲೆ ಎಷ್ಟ ಎಳೀತೈತೋ.”

“ಅಂಗಡಿ ಬಾಗಲಾ ಹಾಕೂದು ಏಳಕ್ರಿ,” ಎಂದರು ಮುಮ್ತಾಜ.

“ನಾಳೆ ಬರ್ತೇವಿ ಹಂಗಾರ.”

ಆಗ ಸುಮಂಗಲಾರಿಗೆ ಫೋನ್ ಬಂತು. ಇಂಡಿಯಿಂದ ಸಂಗಮೇಶ. ಅವರ ದನಿ ಗಲ್ಲೆಯ ಈಚೆಗೂ ಕೇಳುತ್ತಿತ್ತು.

“ಅಕ್ಕಾರ, ನೀವು ಮೂರ ವಾರ ಆತು, ಒಂದ ಪುಟ ಕಳಿಸಿಲ್ಲ. ಲೇಖಕರು ದಿನಾ ಕೇಳ್ತಾರ. ನನ್ನ ಕಡೆ ಇದ್ದ ಝೆರಾಕ್ಸಿನಾಗ ಮೊದಲಿನ ಅರ್ಧ ವಿಜಯಪುರಕ್ಕ ಕೊಟ್ಟೇನಿ. ಉಳದ ಅರ್ಧನೂ ಅವರಿಗೇ ಕೊಡ್ಲೇನ್ರಿ? ಮಷೀನ್ ಬಂತೋ ಇಲ್ಲೋ, ಅದಿಷ್ಟ ಹೇಳ್ರಿ.”

ಸುಮಂಗಲಾ ಗಂಡನ ಕಡೆ ನೋಡಿದರು. ಧರೆಪ್ಪ ಅಂಕಿಯ ಕಡೆ ನೋಡುತ್ತಿದ್ದರು. ಅದು ಇಪ್ಪತ್ತರಿಂದ ಇಪ್ಪತ್ತೂವರೆಗೆ ಹೋಗಿ ಮತ್ತೆ ಇಳಿಯಿತು.

“ಬಂದೈತ್ರಿ,” ಎಂದರು ಸುಮಂಗಲಾ. “ಅದರ ಮುಂದ ಕೂತೇನಿ. ಉಳದದ್ದು ನಾ ಮಾಡ್ತೇನಿ. ಈ ಕಟ್ಟು ಕಳಿಸಿದ ಮ್ಯಾಲೆ ಲೇಖಕರು ತಿದ್ದಿದ್ದು ಏನಾರ ಇದ್ರ ಕಳಸ್ರಿ.”

ಫೋನ್ ಇಟ್ಟರು. ಧರೆಪ್ಪ ಎದ್ದರು.

“ಇನ್ನೂ ತಗೊಂಡಿಲ್ಲಲ್ಲ, ಬಂದೈತಿ ಅಂದೆಲ್ಲ?”

“ಇಪ್ಪತ್ತ ದಿನ ಅಳದ್ರಿ ನೀವು. ಅಷ್ಟರಾಗ ನಂದು ಇನ್ನೂರ ಹತ್ತು ಪುಟ ಹೋದ್ವು. ಅದನ್ನ ಯಾವ ಮೀಟರಿನಾಗ ಅಳೀತೀರಿ?”

ಮುಮ್ತಾಜ ಏನೋ ಹುಡುಕುವವರಂತೆ ಒಳಗೆ ಹೋದರು. ಧರೆಪ್ಪ ಮೀಟರಿನ ತಂತಿ ಬಿಚ್ಚಿದರು. ಒಂದೊಂದೇ ಬಿಚ್ಚಿ ಸುರುಳಿ ಸುತ್ತಿ ಚೀಲಕ್ಕೆ ಹಾಕಿದರು. ಆಮೇಲೆ ದುಡ್ಡು ಎಣಿಸಿ ಗಲ್ಲೆಯ ಮೇಲಿಟ್ಟು, ಡಬ್ಬಿಯನ್ನೂ ಸಣ್ಣ ಪರದೆಯನ್ನೂ ರಟ್ಟಿನ ಪೆಟ್ಟಿಗೆಗೆ ಇಳಿಸಲು ತಾವೇ ಕೈ ಹಚ್ಚಿದರು. ಗಾಡಿಯಲ್ಲಿ ಮರಳುವಾಗ ಒಂದು ಕಡೆ ರಸ್ತೆ ಕೆಟ್ಟಿದ್ದಲ್ಲಿ ಧರೆಪ್ಪ ಹಿಂದಕ್ಕೆ ತಿರುಗಿ ಬ್ಯಾಟರಿಯ ಹಗ್ಗ ನೋಡಿದರು. ಸುಮಂಗಲಾ ತೊಡೆಯ ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಉಳಿದ ಇನ್ನೂರ ಹತ್ತು ಪುಟ ಮುಗಿಸಲು ಸುಮಂಗಲಾಗೆ ಇನ್ನು ಹನ್ನೊಂದು ದಿನ ಇದೆ. ಮುಂದಿನ ವರ್ಷದ ಕೆಲಸ ಯಾರಿಗೆ ಎಂಬುದನ್ನು ಸಂಗಮೇಶ ಹೇಳಿಲ್ಲ. ಲೇಖಕರು ತಿದ್ದಿದ ಪುಟಗಳು ಮಂಗಳವಾರ ಇಂಡಿಯಿಂದ ಬರುವ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಬರುತ್ತವೆ. ಅವನ್ನು ಇಳಿಸಿಕೊಳ್ಳಲು ಧರೆಪ್ಪ ಅಂದು ಅಂಗಡಿ ತಡವಾಗಿ ತೆರೆಯುತ್ತಾರೆ.